ಉಗುರಿನಷ್ಟು

ಸೆಗೆಡ್ ಊರು. ಡಿಸೆಂಬರ್. ಪ್ರಯೋಗಾಲಯದ ಕಿಟಕಿಯಾಚೆ
ಟಿಸಾ ನದಿ ಮಂಜಿನಲ್ಲಿ ತನ್ನ ದಡವನ್ನೇ ಮರೆತಿದೆ.
ಮೇಜಿನ ಮೇಲೊಂದು ಪುಟ್ಟ ಶೀಶೆ:
ಬೋರ್ಬಾಲಾಳ ಹಿತ್ತಲಿನ ಮೆಣಸಿನ ಪುಡಿ, ಕದಡಿದ ಕೆಂಪು.
ಬಣ್ಣ ಬೆರೆಸಿದ್ದಾಳೆ ಅಂತ ಸಂತೆಯವರ ದೂರು.

ಇಲ್ಲಿ ಬಿಡಿಸುವವನು ಒಬ್ಬ ಎಡಬಿಡಂಗಿ.
ಸೋಡಾದಲ್ಲಿ ಗುಳ್ಳೆಯಾಗಿದ್ದವನು.
ಮೂವತ್ತೊಂದು ಡಿಗ್ರಿ ದಾಟಿಸಿ
ಎಪ್ಪತ್ತಮೂರು ಆಕಾಶಗಳ ಭಾರ ಹೇರಿದರೆ
ಗಾಳಿಯೂ ಅಲ್ಲ, ನೀರೂ ಅಲ್ಲ.
ಅದುಮಿದಷ್ಟೂ ಒತ್ತಾಗುತ್ತಾನೆ,
ಒತ್ತಾದಷ್ಟೂ ಕರಗಿಸುತ್ತಾನೆ.
ಜೊತೆಗಿಷ್ಟು ಮೆಥನಾಲ್ ಸೇರಿತೋ,
ಅಂಟಿ ಕೂತವರನ್ನೂ ಎಬ್ಬಿಸಿಬಿಡುತ್ತಾನೆ.

ಜೊಂಬೋರ್‌ಗೆ ಇಪ್ಪತ್ತಾರು. ಅವಸರ.
ಒತ್ತಡ ಏರಿಸಿದ, ಇನ್ನೂರೈವತ್ತಕ್ಕೆ.
ಸಿನಿಮಾ ಬಿಟ್ಟ ಜನರ ಹಾಗೆ
ಎಲ್ಲ ಒಮ್ಮೆಲೇ ಹೊರಬಿದ್ದವು;
ಪರದೆಯ ಮೇಲೆ ಒಂದೇ ಗೂನು.
ಕರಗಿಸುವ ಬಲ ಬಂತು, ಬಿಡಿಸುವ ಬುದ್ಧಿ ಹೋಯಿತು.
ಇಳಿಸಿದ, ನೂರಕ್ಕೆ.
ಈಗ ತಡವಾಗಿ ಬಂದವು ಶಿಖರಗಳು,
ತಲೆ ಒಡೆದುಕೊಂಡು, ಬಾಲ ಎಳೆದುಕೊಂಡು.
ಓವನ್ನಿನ ಕಾವು ತಿದ್ದಿದ. ತಿದ್ದಿದಷ್ಟೂ ಕೆಟ್ಟಿತು.

ಎಟೆಲ್ಕಾ ಬಂದಳು. ಮಾರ್ಚಿಗೆ ಅವಳ ನಿವೃತ್ತಿ.
“ಒಳಗೆ ಹಿಗ್ಗುತ್ತ ಹೋಗುವವನು ತಣ್ಣಗಾಗ್ತಾನೆ ಕಣೋ,
ನೀನು ಹೊರಗಿನಿಂದ ಗೋಡೆಗೆ ಬಿಸಿಗಾಳಿ ಊದ್ತೀಯ.
ನಡುವೆ ನಡೆಯುವವನದು ಒಂದು ಹೆಜ್ಜೆ,
ಅಂಚಿನವನದು ಇನ್ನೊಂದು.
ಸಾಲು ಕೆಡದೆ ಏನಾಗುತ್ತೆ?”

ಉಕ್ಕಿನ ನಳಿಗೆಯನ್ನು ಓವನ್ನಿನಿಂದ ಆಚೆ ತೆಗೆದಳು,
ಹಳೆ ಸ್ವೆಟರಿನಿಂದ ಕತ್ತರಿಸಿದ ತೋಳು ತೊಡಿಸಿದಳು,
ಹಸುಗೂಸಿಗೆ ತೊಡಿಸಿದ ಹಾಗೆ.
ಕಾಯಿಸಬೇಡ. ತಣಿಸಬೇಡ.
ಅದರ ಪಾಡಿಗೆ ಅದು.

ಹಳದಿ ಮೊದಲು ಬಂತು, ಯಾವುದಕ್ಕೂ ಅಂಟಿಕೊಳ್ಳದ್ದು.
ಆಮೇಲೆ ಕಿತ್ತಳೆ.
ಕೆಂಪು ಕೊನೆಗೆ, ಸೂಜಿಯಂತೆ ನೆಟ್ಟಗೆ.
ಮತ್ತೆ, ಮೂರೂಕಾಲು ನಿಮಿಷದ ಹತ್ತಿರ,
ಇರಬಾರದ ಜಾಗದಲ್ಲಿ
ಒಂದು. ಉಗುರಿನಷ್ಟು.

ಜೊಂಬೋರ್ ಖುಷಿಯಲ್ಲಿ ಮೇಜು ತಟ್ಟಿದ.
ಎಟೆಲ್ಕಾ ತಟ್ಟಲಿಲ್ಲ.
ಅವಳ ಊಟದ ಡಬ್ಬಿಯಲ್ಲಿ ಮೀನಿನ ಸಾರು,
ಹದಿನೆಂಟು ವರ್ಷದಿಂದ ಬೋರ್ಬಾಲಾಳ ಪುಡಿಯದೇ.
ಕೂಡಿ ಇದ್ದಾಗ ಎಲ್ಲವೂ ಕೆಂಪೇ ಆಗಿತ್ತು.

“ಇನ್ನೊಮ್ಮೆ ಓಡಿಸು,” ಅಂದಳು,
ಉಣ್ಣೆಯ ತೋಳನ್ನು ಸುಮ್ಮನೆ ಸರಿಮಾಡುತ್ತ.
ಓಡಿಸಿದ.
ಅದೇ ನಿಮಿಷ.
ಅದೇ ಉಗುರು.