ಹನ್ನೆರಡಾಣೆ

ನಲವತ್ತೆರಡು ಡಿಗ್ರಿಯ ರಾಯಚೂರು.
ಸರ್ಕಾರಿ ಆಸ್ಪತ್ರೆಯ ಹದಿನಾಲ್ಕನೇ ಕೋಣೆ.
ಫ್ಯಾನಿನ ಗಾಳಿಗೆ ಹಾರದಿರಲೆಂದು ಹಾಳೆಗಳ ಮೇಲೆ
ಮೊಣಕಾಲಿನ ಮಾದರಿಯೊಂದನ್ನು ಹೇರಿದ್ದೇನೆ.
ಪ್ಲಾಸ್ಟಿಕ್ಕಿನದು, ಅದಕ್ಕೇನೂ ಆಗುವುದಿಲ್ಲ.

ಯಾವುದೋ ಹಿಮದೂರಿನಲ್ಲಿ ಹುಟ್ಟಿ
ಸಮುದ್ರ ದಾಟಿ ಬಂದ ಹದಿನೇಳು ಪ್ರಶ್ನೆಗಳು.
ಕನ್ನಡಕ್ಕೆ ತಂದವಳು ನಾನು.
ತಂದದ್ದು ಸರಿಯೇ ಎಂದು ನೋಡಲು
ತಿರುಗಿ ಇಂಗ್ಲಿಷಿಗೆ ಒಯ್ದವರು ಮಾನ್ವಿಯ ನಫೀಸಾ ಮೇಡಂ,
ಮೂಲ ನೋಡಬಾರದೆಂಬ ಕರಾರಿನ ಮೇಲೆ.
'ಜೀವ ಬ್ಯಾಸರಾಗೇತಿ' ಎಂದು ಕಳಿಸಿದ್ದು
'ಬದುಕು ಬೋರಾಗಿದೆ' ಎಂದಾಗಿ ಮರಳಿತು.
ನಕ್ಕೆವು ಫೋನಿನಲ್ಲಿ. ಆಮೇಲೆ ಅವರೇ ಅಂದರು:
'ಅದಕ್ಕ ಇಂಗ್ಲಿಷೇ ಇಲ್ರೀ.
ನಮ್ಮ ಅಮ್ಮೀಗಿತ್ತು ಅದು, ಸಾಯೂತನಕ.'

ಸಮಿತಿ ಕೂತಿತ್ತು ಎರಡು ಮಧ್ಯಾಹ್ನ,
ಮಂಡಾಳು ಒಗ್ಗರಣಿ, ಮಿರ್ಚಿಯ ನಡುವೆ.
ಬ್ಯಾನಿ ಬೇಡ, ಗ್ರಾಮ್ಯ. ನೋವು ಇರಲಿ.
ಚಳಕು ಬೇಡ, ಮೈಸೂರಿನವರಿಗೆ ತಿಳಿಯದು.
ಅಸಹಾಯಕ ಇರಲಿ. ಯಾರೂ ಆಡುವುದಿಲ್ಲ, ಆದರೆ ಶುದ್ಧ.
ಎಣ್ಣೆಗೈ ಒರೆಸಿಕೊಂಡು ಎಲ್ಲರೂ ಸಹಿ ಹಾಕಿದರು.
ನಾನೂ ಹಾಕಿದೆ.

ಮೊದಲು ಬಂದವಳು ಹುಸೇನಮ್ಮ,
ಜಿನ್ನಿಂಗ್ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ
ಬಗ್ಗಿ ಹತ್ತಿಯ ಕಸ ಆರಿಸಿದ ಬೆನ್ನು ಹೊತ್ತು.
ಕೂರಲಿಲ್ಲ. ಕೂತರೆ ಏಳುವುದೊಂದು ಕೆಲಸವೆಂದು
ಗೋಡೆಗೆ ಅಂಗೈ ಊರಿ ನಿಂತಳು.

ನೋವು ಎಷ್ಟು ದಿನದಿಂದ?
'ನೋವಾ? ಅದು ಮಂದಿ ಮಾತಿಗೆ ಆಗೂದು, ಯವ್ವಾ.
ಅದು ಬ್ಯಾರೆ. ಇದು ಬ್ಯಾನಿ.'
ಪೆನ್ನು ನಿಂತಿತು.
ಮೂಲದಲ್ಲೂ ಇಲ್ಲದ ಗೆರೆಯೊಂದನ್ನು
ಎಳೆದು ಸುಮ್ಮನಾಗಿದ್ದಳು.

ಏಳನೆಯದು ಓದಿದೆ: ಅಸಹಾಯಕಳೆಂದು ಅನಿಸುತ್ತದೆಯೇ?
ಎಂದೂ ಇಲ್ಲ, ಒಮ್ಮೊಮ್ಮೆ, ಸದಾ.
'ಅಂದ್ರ?'
ಕೈಲಾಗಂಗಿಲ್ಲ ಅನಸ್ತೈತೇನು?
'ಕೈಲಾಗದ್ದು ಕೈಗೆ ಗೊತ್ತಿರತೈತಿ. ಅನಸೂದೇನು ಬಂತು?
ಕೊಡ ಅರ್ಧಕ್ಕ ತುಂಬಸ್ತೀನಿ. ಇನ್ನರ್ಧಕ್ಕ ಮತ್ತ ಹೊಕ್ಕೀನಿ.
ಬರಕೋ ಇದನ್ನ.'
ಬರೆಯಲು ಚೌಕವಿರಲಿಲ್ಲ.

ಹತ್ತರಲ್ಲಿ ಎಷ್ಟು? ಸೊನ್ನೆಯೆಂದರೆ ಏನೂ ಇಲ್ಲ,
ಹತ್ತೆಂದರೆ ಇದಕ್ಕಿಂತ ಹೆಚ್ಚಿಲ್ಲ.
ಚಾವಣಿ ನೋಡಿದಳು. ಬೆರಳ ಗಿಣ್ಣಿನ ಮೇಲೆ
ಹೆಬ್ಬೆರಳು ನಡೆಸಿದಳು.
'ಹನ್ನೆರಡಾಣೆ.'

ಹದಿನಾರಕ್ಕೆ ಹನ್ನೆರಡು, ಹತ್ತಕ್ಕೆ ಏಳೂವರೆ.
ಅರೆಗೆ ಜಾಗವಿಲ್ಲ ಫಾರ್ಮಿನಲ್ಲಿ. ಎಂಟೆಂದು ಬರೆದೆ.
'ಉಳಿದ ನಾಕಾಣೆ ಎಲ್ಲಿ, ಯಮ್ಮಾ?'
ಕೇಳಬಾರದಿತ್ತು. ನಿಯಮದಲ್ಲಿಲ್ಲ.
'ರಾತ್ರಿಗೆ ಇಟ್ಟೀನಿ' ಅಂದಳು.

ಹದಿನೈದು ದಿನಕ್ಕೆ ಅದೇ ಮಂದಿ, ಅದೇ ಪ್ರಶ್ನೆ.
ಉತ್ತರ ಕದಲದಿದ್ದರೆ ಅಳತೆಗೋಲು ನೆಟ್ಟಗಿದೆಯೆಂದು ಲೆಕ್ಕ.
ಹುಸೇನಮ್ಮ ಸೊಸೆಯ ಭುಜ ಹಿಡಿದು ಬಂದಳು,
ಈ ಸಲ ಗೋಡೆ ಸಾಲದೆ.
ಒಂದನೆಯದು ಓದುವ ಮೊದಲೇ, ಮೆಲ್ಲಗೆ:
'ಹೋದ ಸಲ ಏನ್ ಹೇಳಿದ್ನೆವ್ವಾ? ಅದನ್ನ ಬರಕೋ.
ನನ್ನಿಂದ ನಿನ್ನ ಲೆಕ್ಕ ತಪ್ಪಬಾರ್ದು.'
ಹಾಗಲ್ಲ, ಇವತ್ತಿನದು ಹೇಳಬೇಕು, ಅಂದೆ.
ಸೊಸೆಯ ಭುಜದ ಮೇಲೆ ಅವಳ ಉಗುರು ಬೆಳ್ಳಗಾಗಿದ್ದವು.
'ಹನ್ನೆರಡಾಣೆ' ಅಂದಳು.

ನೂರಾ ಅರವತ್ತು ಜನ. ವಿರುಪಣ್ಣ ಸರ್ ಗುಣಕ ತೆಗೆದರು:
ಸೊನ್ನೆ ದಶಾಂಶ ಒಂಬತ್ತು ಒಂದು.
ಭೇಷ್, ಅಂದರು. ಏಳನೆಯದೊಂದು ಮಾತ್ರ
ಉಳಿದವುಗಳ ಜೊತೆ ಕೂಡುತ್ತಿಲ್ಲ, ಕಿತ್ತುಬಿಡೋಣ.
ಕಿತ್ತೆವು. ಎಂಟು ಏಳಾಯಿತು, ಒಂಬತ್ತು ಎಂಟಾಯಿತು.
ಒಂಬತ್ತು ಒಂದರೊಳಗೆ ಎಷ್ಟು ಬ್ಯಾನಿ,
ಎಷ್ಟು ನನ್ನ ಮೇಲಿನ ಕನಿಕರ,
ಬಿಡಿಸುವ ಸೂತ್ರ ಕೇಳಲಿಲ್ಲ ನಾನು.

ತೀನ್ ಕಂದೀಲಿನ ಝೆರಾಕ್ಸ್ ಅಂಗಡಿಯಲ್ಲಿ
ಇನ್ನೂರು ಪ್ರತಿ, ಬಿಸಿಬಿಸಿ.
ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದ
'ರಾತ್ರಿಗೆ' ಅನ್ನುವುದನ್ನು ಅಳಿಸಲು ಮರೆತಿದ್ದೆ.
ಇನ್ನೂರರಲ್ಲೂ ಬಂದಿದೆ, ಮಸುಕಾಗಿ.
'ಇನ್ನೊಮ್ಮಿ ಹೊಡಿಲ್ಯಾ ಮೇಡಂ?' ಅಂದ ಹುಡುಗ.
ಬೇಡಪ್ಪ, ಅಂದೆ. ಕಲೆ ಅಂದುಕೊಳ್ತಾರೆ.