ಭಟ್ಟಿ ಓಣಿಯ ನೋಟುಬುಕ್ಕು

ಪೋಸ್ಟರು ಬಂದದ್ದು ಮಂಗಳವಾರ.
ಸರಪಳಿ ಬಿಗಿದ ಎರಡು ಕೈ, ಕೆಳಗೆ ದಪ್ಪಕ್ಷರ:
ಮಾನವ ಕಳ್ಳಸಾಗಣೆ.
ಓದಿ ಹೇಳಿದೆ. ಖೈರೂನ್‌ಬಿ
ಹೊಗೆಗೆ ಕೆಂಪಾದ ಕಣ್ಣು ಕಿರಿದು ಮಾಡಿದಳು.
"ಕಳ್ಳ ಅಂತ ಯಾಕೆ ಬರೆದಾರೆ?
ಕಳ್ಳ ಬಂದಿದ್ರೆ ಬಾಗ್ಲು ಹಾಕ್ತಿದ್ವಲ್ಲ.
ಅವನು ಹಾಡುಹಗಲೇ ಬಂದ,
ಜಿಲೇಬಿ ಕಟ್ಟಿಸ್ಕೊಂಡು ಬಂದ,
ನನ್ನ ಕೈಯಾರೆ ಚಾ ಕುಡಿದ."

ಭಟ್ಟಿ ಒಂದು ಗಳಿಗೆ ಸುಮ್ಮನಾಯಿತು.
ಕಾದ ಮರಳಲ್ಲಿ ಮಂಡಕ್ಕಿ ಮಾತ್ರ
ಪಟಪಟನೆ ಅರಳುತ್ತಿತ್ತು.

ನನ್ನದು ಏಳನೇ ಕ್ಲಾಸು. ಅದಕ್ಕೇ
ನೋಟುಬುಕ್ಕು ನನ್ನ ಪಾಲಿಗೆ ಬಂತು,
ಇನ್ನೂರು ಪುಟ, ರಟ್ಟಿನ ಮೇಲೆ ನವಿಲು.
ಓಣಿ ಬಿಟ್ಟು ದುಡಿಯಲು ಹೋಗುವವರು,
ಮದುವೆಯಾಗಿ ಹೋಗುವವರು:
ಎಲ್ಲಿಗೆ, ಯಾರ ಜೊತೆ,
ಹರಿಹರದಲ್ಲಿ ಹತ್ತುವ ರೈಲು ಯಾವುದು.
ವಾರಕ್ಕೊಂದು ಫೋನು ಬರಬೇಕು.
ಬರದಿದ್ದರೆ ಹೆಸರಿನ ಪಕ್ಕ ಮಸಿಯ ಚುಕ್ಕೆ.
ಎರಡು ಚುಕ್ಕೆಯಾದರೆ
ಎಲ್ಲರೂ ಎದ್ದು ಠಾಣೆಗೆ.

"ನಮ್ಮನೆ ಮಗಳ ಲೆಕ್ಕ ನಿಮಗ್ಯಾಕೆ?"
ಫಕ್ರುಸಾಬ್ ಗದರಿದ.
ಜರಡಿ ಆಡಿಸುತ್ತಲೇ ಅಂದಳು ಕೆಂಚವ್ವ:
"ಮಂಡಕ್ಕಿ ಚೀಲಕ್ಕೆ ಲೆಕ್ಕ ಇಡ್ತೀರಲ್ಲ, ಸಾಬರೇ."

ರಂಜಾನ್ ಕಳೆದ ಮೇಲೆ ಬಂದನೊಬ್ಬ,
ಅವರ ಮನೆಗೇ, ಮುನೀರಾಳ ಕೇಳಿಕೊಂಡು.
ಪುಣೆ ಕಡೆ ಹುಡುಗ, ವರದಕ್ಷಿಣೆ ಬೇಡ,
ಖರ್ಚೆಲ್ಲ ನಮ್ಮದೇ.
ನಾವು ಆರು ಮಂದಿ ಕರೆಯದೆಯೇ ಹೋಗಿ ಕೂತೆವು.
ಹುಡುಗನ ಓಣಿ ಯಾವುದು?
ಪಕ್ಕದ ಮನೆಯವರ ಹೆಸರೇನು?
ಅಲ್ಲಿ ನಲ್ಲಿ ನೀರು
ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ?
ನೀರಿನ ಪ್ರಶ್ನೆಗೆ ತಡವರಿಸಿದ.
ಮಾತೆಲ್ಲ ಜರಡಿಗೆ ಸುರಿದೆವು.
ಮೇಲೇನೂ ಉಳಿಯಲಿಲ್ಲ,
ಬರೀ ಮರಳು.

ಅರ್ಧ ಚಾ ಬಿಟ್ಟು ಎದ್ದ, ಪಿ.ಬಿ. ರಸ್ತೆಯ ಕಡೆ ನಡೆದ.
ಜಿಲೇಬಿ ಮಕ್ಕಳು ತಿಂದುಬಿಟ್ಟವು. ತಿನ್ನಲಿ.

ಆದರೆ ಮುನೀರಾ
ತಿಂಗಳು ನಮ್ಮೊಡನೆ ಮಾತು ಬಿಟ್ಟಳು.
ಅವಳಿಗೆ ಹೊಗೆಯಿಲ್ಲದ ಮನೆ ಬೇಕಿತ್ತು.
ತಪ್ಪೇನು?
ಅದನ್ನು ಬರೆಯಲು
ನಮ್ಮ ಪುಸ್ತಕದಲ್ಲಿ ಜಾಗವಿಲ್ಲ.

ಮೊದಲ ಪುಟ ಖಾಲಿ ಬಿಡು ಎಂದಿದ್ದಳು ಖೈರೂನ್‌ಬಿ.
ಯಾಕೆಂದು ಯಾರೂ ಕೇಳಿರಲಿಲ್ಲ.
ನಿನ್ನೆ ಕೈ ಒರೆಸಿಕೊಂಡು ಎದುರು ಕೂತಳು.
"ಬರಿ. ತಸ್ಕೀನ್. ಹದಿನೇಳು."
ಎಲ್ಲಿಗೆ?
"ಸೂರತ್ ಅಂದಿದ್ದ."
ಯಾರ ಜೊತೆ?
"ನಾನು ಚಾ ಕೊಟ್ಟವನ ಜೊತೆ. ಹಾಗೇ ಬರಿ."

ವಾರಕ್ಕೊಂದು ಚುಕ್ಕೆ, ಆರು ವರ್ಷ.
ಇಡುತ್ತಾ ಹೋದೆ, ಇಡುತ್ತಾ ಹೋದೆ.
ಪುಟ ತುಂಬಿ ಮಸಿ ಹಿಂಬದಿಗೂ ಇಳಿಯಿತು.
ಭಟ್ಟಿಯ ಬೆಂಕಿಯನ್ನು ಯಾರೋ ಹಿಂದಕ್ಕೆಳೆದರು.

"ಎರಡಕ್ಕೇ ಏಳಬೇಕಿತ್ತಲ್ಲೇ,"
ಅಂದಳು ಸೋಮ್ಲಿಬಾಯಿ,
ಕತ್ತಲಲ್ಲಿ ಚಪ್ಪಲಿ ತಡಕಾಡುತ್ತ.