ಹೊಂದಿಸಿ ಬರೆಯಿರಿ

ಎಡಕ್ಕೆ ರಾಜ್ಯ, ಬಲಕ್ಕೆ ಪ್ರಾಣಿ.
ಅಸ್ಸಾಮಿನಿಂದ ಖಡ್ಗಮೃಗಕ್ಕೆ ಗೆರೆ ಎಳೆದಾಯಿತು,
ಮಣಿಪುರದಿಂದ ಸಂಗಾಯ್ ಜಿಂಕೆಗೆ
ಎಳೆದು, ಅಳಿಸಿ, ಮತ್ತೆ ಎಳೆದಾಯಿತು.
ನಾಗಾಲ್ಯಾಂಡಿಗೆ ಬಂದು
ವಿಮೆನುವೋ ಪೆನ್ಸಿಲು ಕಚ್ಚುತ್ತಾಳೆ.

ಅಚ್ಚಾದ ಮಿಥುನ್‌ಗೆ ಕಾಲೆಲ್ಲ ಕಪ್ಪು.
ಅವಳು ಕಂಡಿದ್ದು ಬೇರೆ:
ಮೊಣಕಾಲಿನ ಕೆಳಗೆ ಬಿಳಿ,
ಯೂನಿಫಾರ್ಮಿನ ಸಾಕ್ಸಿನ ಹಾಗೆ.

ಕಾಡಂಚಿಗೆ ನಿಂತು ಅಜ್ಜ ಕೂಗಿದರೆ
ಮಂಜಿನೊಳಗಿಂದ ಮೊದಲು ಉಸಿರು,
ಆಮೇಲೆ ಕೊಂಬು,
ಆಮೇಲೆ ಅಷ್ಟು ದೊಡ್ಡ ಮೈ,
ಇಷ್ಟೇ ಇಷ್ಟು ಉಪ್ಪಿಗೆ.
ಅಂಗೈ ಖಾಲಿಯಾದರೂ ಬಿಡದು,
ಬೆರಳ ಸಂದಿಗೆಲ್ಲ
ಉಪ್ಪುಕಾಗದದಂಥ ನಾಲಿಗೆ.

"ಎಲ್ಲಿ, ಮಿಥುನ್ ಯಾರ ಪ್ರಾಣಿ?"
ಟೀಚರು ಬೆತ್ತದ ತುದಿ ಚಿತ್ರಕ್ಕಿಟ್ಟರು.
"ರಾಜ್ಯದ್ದು" ಅಂದಿದ್ದರೆ ಒಂದು ಅಂಕ.

ಅವಳು ಪುಸ್ತಕಕ್ಕೆ ಬಾಗಿ,
"ಕಿವಿ ಸರಿಯಾಗಿ ಬರೆದಿಲ್ಲ ಮಿಸ್.
ಸೀಳಿದ ಗುರುತು ಕಂಡರೆ
ಯಾರ ಮನೇದು ಅಂತ ಹೇಳ್ತೀನಿ."